ಅಕಾರ್ಡಿಯನ್ ಮೇಲೆ ಹೊದಿಸಿದ ಶಾಲು

ಕಳೆದ ರಂಜಾನಿಗೆ ಎರಡು ವಾರ ಮುಂಚಿನ ಭಾನುವಾರ ದುಬೈಯ ನಮ್ಮ ಕನ್ನಡ ಸಂಘ ಬ್ರೆಜಿಲ್‌ನ ಅಕಾರ್ಡಿಯನ್ ವಾದಕನೊಬ್ಬನನ್ನು ಸನ್ಮಾನಿಸಿತು. ಆತ ಹಾಡಲಿಲ್ಲ.

ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಆತ ನನ್ನ ಪಕ್ಕದ ಮನೆಯವ. ಅಪ್ಪ ಗಾರೆ ಕೆಲಸದವ, ಸಾರುವೆಯಿಂದ ಬಿದ್ದು ಸತ್ತವ. ಗಾರೆಯವರು, ಕಂಡಕ್ಟರುಗಳು, ಮನೆಗೆಲಸದ ಹೆಂಗಸರ ಮೇಲೆ ತಾನೇ ಕಟ್ಟಿದ ಹಾಡುಗಳಿಂದ ಆತ ಊರಿನಲ್ಲಿ ಹೆಸರು ಮಾಡಿದ್ದ. ಇಲ್ಲಿ ಆತನನ್ನು ಕೆಲಸಕ್ಕೆ ಕರೆಸಿಕೊಂಡ ಹೋಟೆಲಿಗೆ ಅವು ಬೇಕಿರಲಿಲ್ಲ. ಊಟದ ಹೊತ್ತಿಗೆ ಕುಣಿತದ ಮಟ್ಟುಗಳು ಸಾಕು ಎಂದಿತ್ತು. ವರ್ಷಗಳ ನಂತರ ಅವೂ ಬೇಡವಾಗಿ ವೀಸಾ ರದ್ದಾಯಿತು.

"ಹೊರಡುವ ಮುಂಚೆ ಒಮ್ಮೆ ಕಟ್ಟಡ ಕೆಲಸದವರ ಎದುರು ಅಪ್ಪನ ಮೇಲೆ ಕಟ್ಟಿದ ಹಾಡು ಹಾಡಬೇಕು" ಎಂದ.

ವಾರ್ಷಿಕೋತ್ಸವಕ್ಕೆ ಸಂಘ ಲೇಬರ್ ಕ್ಯಾಂಪಿನ ಕನ್ನಡಿಗರನ್ನು ಬಸ್ಸಿನಲ್ಲಿ ಕರೆತರುತ್ತದೆ. ಕಾರ್ಯದರ್ಶಿಯನ್ನು ಕೇಳಿದೆ.

"ಅದಕ್ಕೆಂತ ಮಾರಾಯ್ರೆ! ಫಾರಿನ್ ಕಲಾವಿದ, ನಮ್ಮ ಸ್ಟೇಜಿಗೂ ಒಂದು ತೂಕ."

ಹಾಡಿನ ಅರ್ಥವನ್ನು ನಾನು ಮೊದಲೇ ಕನ್ನಡದಲ್ಲಿ ಹೇಳುವುದೆಂದಾಯಿತು.

ಆ ದಿನ ಕ್ಯಾಂಪಿನವರಿಂದ ಹಿಂದಿನ ಸಾಲುಗಳು ತುಂಬಿದ್ದವು. ಪರದೆಯ ಸಂದಿಯಿಂದ ನೋಡಿ ಆತ ಅಕಾರ್ಡಿಯನ್ ಹೆಗಲಿಗೇರಿಸಿದ. ವೇದಿಕೆಯಲ್ಲಿ ಪ್ರಾಯೋಜಕರ ಸನ್ಮಾನ ಶುರುವಾಯಿತು: ಕುರ್ಚಿ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಅಭಿನಂದನಾ ಪತ್ರದ ಓದು. ಒಬ್ಬರ ನಂತರ ಒಬ್ಬರು. ಬಳಿಕ ಅವರ ಭಾವಂದಿರು.

"ಕೆಳಗಿಡು" ಎಂದೆ.

"ಕರೆದಾಗ ತಡವಾಗಬಾರದು."

ವೇದಿಕೆಯ ಪಕ್ಕದ ಬಾಗಿಲಲ್ಲಿ ಕ್ಯಾಂಪಿನ ಸೂಪರ್‌ವೈಸರ್ ಚಪ್ಪಾಳೆ ತಟ್ಟಿದ: "ಯಲ್ಲಾ, ಯಲ್ಲಾ, ಬಸ್ ಹೊರಟಿತು!" ಹಿಂದಿನ ಸಾಲುಗಳು ಎದ್ದವು. ನಮ್ಮನ್ನು ಹಾದುಹೋಗುತ್ತ ಒಬ್ಬ ಕೇಳಿದ, "ಸಾರ್, ಎದೆಗೆ ಹಾರ್ಮೋನಿಯಂ ಕಟ್ಕೊಂಡವ್ರು ಹಾಡಲ್ವಾ? ಪಾಪ, ಪರದೆ ಸಂದೀಲಿ ಆಗ್ಲಿಂದ ಹೊತ್ಕೊಂಡೇ ನಿಂತವ್ರೆ."

ಹಾಲ್ ಖಾಲಿ ಮಾಡಬೇಕಾದ ಹೊತ್ತಿಗೆ ಕಾರ್ಯದರ್ಶಿ ಬಂದರು. "ಟೈಮ್ ಖಲಾಸ್ ಮಾರಾಯ್ರೆ. ಆದ್ರೆ ಬರಿಗೈಲಿ ಕಳಿಸುವವರಲ್ಲ ನಾವು."

ಆತನನ್ನು ಕುರ್ಚಿಯಲ್ಲಿ ಕೂರಿಸಿದರು. ಶಾಲು ಭುಜ ಸುತ್ತಿ ಬರಲಿಲ್ಲ. ಅಕಾರ್ಡಿಯನ್ ಮೇಲೆಯೇ ಹೊದಿಸಿದರು. ಪೇಟ ಇಟ್ಟರು. ಆತ ಶಾಲಿನಡಿ ಬೆರಳಿಟ್ಟು ನನ್ನ ಕಡೆ ತಿರುಗಿದ: "ಈಗ ಹಾಡಲೇ?"

"ಈಚೆ ನೋಡ್ಲಿಕ್ಕೆ ಹೇಳಿ, ಫೋಟೋ" ಎಂದರು ಕಾರ್ಯದರ್ಶಿ.

ಮರುದಿನ ಸಂಘದ ಫೇಸ್‌ಬುಕ್ ಪುಟದಲ್ಲಿ ಆ ಚಿತ್ರ ಬಂತು. ಕೆಳಗೆ, "ಬ್ರೆಜಿಲ್ ಕಲಾವಿದನ ಗಾಯನಕ್ಕೆ ತಲೆದೂಗಿದ ಕನ್ನಡಿಗರು." ಪತ್ರಿಕೆಯ ಡೆಸ್ಕಿನಲ್ಲಿ ತಪ್ಪು ತಿದ್ದುವುದೇ ನನ್ನ ಕೆಲಸ; ಆ ಅಭ್ಯಾಸಕ್ಕೆ, ತಿದ್ದುವಂತೆ ಕಾರ್ಯದರ್ಶಿಗೆ ಫೋನ್ ಮಾಡಿದೆ.

"ಒಳ್ಳೇದೇ ಬರ್ದದ್ದಲ್ವಾ? ಅವನಿಗೆ ಕನ್ನಡ ಓದ್ಲಿಕ್ಕೆ ಬರ್ತದಾ?"

ಗುರುವಾರ ಆತ ವಿಮಾನ ಹತ್ತಿದ. ಪೇಟ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ, ನಮ್ಮ ಮನೆಯಲ್ಲಿದೆ. ಚಿತ್ರದ ಕೆಳಗಿನ ಸಾಲು ಇವತ್ತಿಗೂ ಹಾಗೆಯೇ ಇದೆ.