ನಲವತ್ತೊಂದು ಜನರನ್ನು ಸಾಲಾಗಿ ಕಳಿಸಿದ ನೆಲದಕ್ಕ

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ದೊಡ್ಡ ಅಂಗಡಿಯೊಂದರ ಅರ್ಧ ಎತ್ತಿದ ಷಟರ್ ಕೆಳಗೆ ಬಗ್ಗಿ ಒಳಹೊಕ್ಕರೆ ಮೊದಲು ಕಿವಿಗೆ ಬೀಳುವುದು ಗದರಿಕೆ. "ಅಲ್ಲೇ ನಿಂತ್ಕೊಳ್ಳಿ! ಒರೆಸಿದೀನಿ, ಕಾಣಲ್ವಾ?" ಸಂದರ್ಶನಕ್ಕೆಂದು ಬಂದ ನಾನು ಒಂಟಿಕಾಲಿನಲ್ಲಿ ನಿಲ್ಲುತ್ತೇನೆ.

ಗದರಿದವರು ಐವತ್ತೆರಡರ ನೆಲದಕ್ಕ. ಅಂಗಡಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಾಗೆಯೇ. ಇಪ್ಪತ್ತೊಂದು ವರ್ಷಗಳಿಂದ ಇದೇ ನೆಲ ಒರೆಸುತ್ತಿದ್ದಾರೆ. ಹಿಂದಿನ ಗೋಡೆಯಿಂದ ಶುರುಮಾಡಿ ಬಾಗಿಲಿನತ್ತ ಹಿಂದೆ ಹಿಂದೆ ಸರಿಯುತ್ತಾ ಒರೆಸುವುದು ಅವರ ಕ್ರಮ. ತಮ್ಮ ಹೆಜ್ಜೆಯ ಗುರುತೂ ಉಳಿಯಬಾರದು! ದಿನಕ್ಕೆ ಮೂರು ಸಲ, ಹನ್ನೊಂದು ಬಕೆಟ್ ನೀರು. ಅಂಗೈ ಬಿರುಕು ಬಿಟ್ಟಿದೆ, ಮಂಡಿ ಮಾತು ಕೇಳುವುದಿಲ್ಲ. ಬಸ್ ಓಡಿಸುತ್ತಿದ್ದ ಗಂಡ ಬೆನ್ನುನೋವಿನಿಂದ ಹಾಸಿಗೆ ಹಿಡಿದ ಮೇಲೆ ಇವರ ಸಂಬಳದಲ್ಲೇ ಮನೆ ನಡೆಯಬೇಕು. ಆ ಸಂಬಳಕ್ಕೇ ಈಗ ಸಂಚಕಾರ ಬಂದಿದೆ.

ಹೋದ ತಿಂಗಳು, ಅಂಗಡಿ ತೆರೆದ ಹತ್ತೇ ನಿಮಿಷಕ್ಕೆ ಗುಂಪೊಂದು ಒಳಗೆ ಬಂತು. ಕೈಗೆ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡಿತು. ಕಾವಲುಗಾರ ಚಹಾಕ್ಕೆ ಹೋಗಿದ್ದ, ಉಳಿದವರು ಮಹಡಿಯ ಗೋದಾಮಿನಲ್ಲಿದ್ದರು. ಕ್ಯಾಮೆರಾ ಗಲ್ಲಾಪೆಟ್ಟಿಗೆಯನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಗುಂಪು ಹೊರಡುವ ಹೊತ್ತಿಗೆ ಬಾಗಿಲ ಬಳಿ ನೆಲದಕ್ಕ ಆಗಷ್ಟೇ ಒರೆಸಿ ಮುಗಿಸಿದ್ದರು.

"ನಂಗೆ ಕಳ್ರು ಗಿಳ್ರು ಅಂತ ಹೊಳೀಲೇ ಇಲ್ಲ. ಕೆಸರು ಬೂಟು ಕಂಡ್ವು, ಅಷ್ಟೇ. ಒರೆಸೋ ಕೋಲು ಎತ್ತಿ ಕೂಗ್ದೆ: ಗೋಡೆ ಪಕ್ಕ ಹೋಗಿ, ಒಬ್ಬೊಬ್ರೇ!"

ಹೋದರು! ಒಬ್ಬರ ಹಿಂದೊಬ್ಬರು, ಚೀಲ ಎದೆಗವಚಿಕೊಂಡು, ತುದಿಗಾಲಿನಲ್ಲಿ. ಒಬ್ಬನಂತೂ "ಸಾರಿ ಅಕ್ಕಾ" ಎಂದನಂತೆ. ನೆಲದಕ್ಕನಿಗೆ ಮುಖ ನೆನಪಿರುವುದಿಲ್ಲ, ಪಾದ ಮರೆಯುವುದಿಲ್ಲ. ನಲವತ್ತೊಂದು ಜೊತೆ ಎಣಿಸಿದ್ದರು. ಆಮೇಲೆ ಠಾಣೆಯಲ್ಲಿ ಚಪ್ಪಲಿ ನೋಡಿಯೇ ಒಂಬತ್ತು ಮಂದಿಯನ್ನು ಹಿಡಿದುಕೊಟ್ಟರು. ಹೆಜ್ಜೆ ಗುರುತು ಹುಡುಕಲು ಪೊಲೀಸರು ಬರುವಷ್ಟರಲ್ಲಿ ನೆಲ ಮತ್ತೆ ಒರೆಸಿಯಾಗಿತ್ತು; ಅವರಿಗೆ ಅಂಗಡಿಯಲ್ಲಿ ಸಿಕ್ಕಿದ್ದು ತಮ್ಮದೇ ಬೂಟಿನ ಗುರುತು. ಅದಕ್ಕೂ ಬೈಸಿಕೊಂಡರು.

ಪೇಚಿಗೆ ಸಿಕ್ಕಿದ್ದು ದೂರು ಬರೆಯುವ ಪೊಲೀಸಪ್ಪ. "ನೋಡಮ್ಮ, ಸುಮ್ನೆ ಎತ್ಕೊಂಡು ಹೋದ್ರೆ ಕಳ್ಳತನ. ಹೊಡೆದೋ ಹೆದರಿಸೋ ಒಯ್ದರೆ ಸುಲಿಗೆ. ಆ ಸುಲಿಗೇನ ಐದು ಜನ, ಅದಕ್ಕಿಂತ ಜಾಸ್ತಿ ಜನ ಸೇರಿ ಮಾಡಿದ್ರೆ ಡಕಾಯಿತಿ. ಹೆದರಿಸದೇ ಇದ್ರೆ ನೂರು ಜನ ಬಂದ್ರೂ ಕಳ್ಳತನಾನೇ. ಈಗ ಹೇಳು, ಅಲ್ಲಿ ಯಾರಾದ್ರೂ ಹೆದರಿಸಿದ್ರಾ?"

"ಹೂಂ ಸಾರ್. ನಾನೇ ಹೆದರಿಸಿದ್ದು."

ಪೊಲೀಸಪ್ಪ ಪೆನ್ನು ಕೆಳಗಿಟ್ಟರಂತೆ.

ಅಂಗಡಿ ಮಾಲೀಕರಿಗೆ ಇದು ನಗುವ ವಿಷಯವಲ್ಲ. ಡಕಾಯಿತಿ ಎಂದಾದರೆ ವಿಮೆಯವರು ಒಪ್ಪುತ್ತಾರೆ, ಕಳ್ಳತನವೆಂದರೆ ಮೂಗು ಮುರಿಯುತ್ತಾರೆ. "ತಳ್ಳಿ ಬೀಳಿಸಿದ್ರು ಅಂತ ಒಂದು ಮಾತು ಹೇಳಿಬಿಡಕ್ಕ. ಸಾಲಾಗಿ ಹೋದ್ರು ಅಂದ್ರೆ ಜನ ನಗ್ತಾರೆ," ಎಂದು ಅಂಗಲಾಚಿದರು. ಆಮೇಲೆ ದನಿ ಬದಲಾಯಿತು. ಸೋಮವಾರ ಕೋರ್ಟಿನಲ್ಲಿ ಹಾಗೆ ಹೇಳದಿದ್ದರೆ ಮಂಗಳವಾರ ಕೆಲಸಕ್ಕೆ ಬರುವುದು ಬೇಡವಂತೆ. ಮನೆಯಲ್ಲಿ ಗಂಡನದೂ ಅದೇ ರಾಗ: "ಬಿದ್ದೆ ಅಂದ್ಬಿಡೆ, ನಿನ್ನ ಗಂಟೇನು ಹೋಗುತ್ತೆ?"

ಅದನ್ನು ಹೇಳುವಾಗ ನೆಲದಕ್ಕನ ಮೂಗು ಕೆಂಪಾಗುತ್ತದೆ. "ಕದ್ದಿದ್ದಕ್ಕೆ ಶಿಕ್ಷೆ ಆಗ್ಲಿ, ನಾನೇ ಹಿಡಿದುಕೊಟ್ಟಿಲ್ವಾ? ಮಾಡದ್ದಕ್ಕೆ ಯಾಕೆ? ಅದೂ ಅಲ್ದೆ, ಇಪ್ಪತ್ತೊಂದು ವರ್ಷದಲ್ಲಿ ನನ್ನ ನೆಲದ ಮೇಲೆ ಒಬ್ರೂ ಜಾರಿ ಬಿದ್ದಿಲ್ಲ. ಈಗ ನಾನೇ ಬಿದ್ದೆ ಅಂತ ಹೇಳ್ಲಾ?"

ಭಯವಿಲ್ಲವೇ ಎಂದರೆ ಬಟ್ಟೆ ಹಿಂಡುವ ಕೈ ನಿಲ್ಲುತ್ತದೆ. "ಇದೆ. ರಾತ್ರಿ ನಿದ್ದೆ ಬರಲ್ಲ," ಎನ್ನುತ್ತಾರೆ. ದಾರಿ ತಪ್ಪದಿರಲೆಂದು ಅವರು ಮೊನ್ನೆಯೇ ಕೋರ್ಟಿಗೆ ಹೋಗಿ ನೋಡಿಕೊಂಡು ಬಂದಿದ್ದಾರೆ.

"ಆ ಕೋರ್ಟಿನ ನೆಲ ನೋಡಿದೀರಾ ನೀವು?" ಬಕೆಟ್ ಎತ್ತಿಕೊಳ್ಳುತ್ತಾ ಕೇಳುತ್ತಾರೆ. "ಮೂಲೇಲೆಲ್ಲಾ ಕಪ್ಪು ಹಿಡಿದಿದೆ. ಸೋಮವಾರ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಇಲ್ಲಿ ಬೇಡ ಅಂದ್ರೆ, ಆ ನೆಲ ನಂಗೆ ಕೊಡ್ತೀರಾ ಅಂತ ಅಲ್ಲೇ ಕೇಳ್ಕೊಂಡು ಬರ್ತೀನಿ."