ಲೇಹ್‌ನಿಂದ ಪೋರ್ಟ್ ಬ್ಲೇರಿಗೆ ನಾಲ್ಕು ಬೆರಳು ಕೊಸರು

ನಂಜನಗೂಡಿನ ದೇವಸ್ಥಾನದ ಬೀದಿಯಲ್ಲಿ ಹೂವು ಮಾರಿ ಮಾರಿ ನನ್ನ ಕೈಯೇ ಮೊಳವಾಗಿಬಿಟ್ಟಿದೆ. ಮೊಳ ಅಳೆದ ಮೇಲೆ ನಾಲ್ಕು ಬೆರಳು ಕೊಸರು ಬಿಡದೆ ಕುಯ್ದರೆ ಆ ಕೈಗೆ ಸಮಾಧಾನವಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಇದೇ ಕೈ ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನೂ ಅಳೆದಿದೆ ಎಂದರೆ ನೀವು ನಂಬಬೇಕು!

ಎರಡು ಸಾವಿರದ ಇಸವಿ ದಾಟಿದ ಹೊಸತು. ಮೊಮ್ಮಗಳು ಏಳನೇ ಕ್ಲಾಸು. ಮೇಷ್ಟ್ರು ಒಂದು ಲೆಕ್ಕ ಕೊಟ್ಟಿದ್ದರು: ಹಿಮದ ಬೆಟ್ಟಗಳ ನಡುವಿನ ಲೇಹ್‌ನಿಂದ ಕಡಲ ನಡುವಿನ ಪೋರ್ಟ್ ಬ್ಲೇರಿಗೆ ನೆಟ್ಟಗೆ ಹಾರಿದರೆ ಎಷ್ಟು ದೂರ, ಎಷ್ಟು ಹೊತ್ತು? ಸರಿಯಾಗಿ ಹೇಳಿದವರು ವಾರ್ಷಿಕೋತ್ಸವದಲ್ಲಿ ಎಲ್ಲರೆದುರು ನಿಂತು ನಕ್ಷೆ ತೋರಿಸಬೇಕು. ಹಿಂದಿನ ಬೆಂಚಿನ ನಮ್ಮ ಹುಡುಗಿಗೆ ಅದರ ಮೇಲೇ ಪ್ರಾಣ. ಶಾಲೆಯ ದೊಡ್ಡ ನಕ್ಷೆ ದಿನಕ್ಕೊಬ್ಬರ ಮನೆಗೆ ಹೋಗುತ್ತಿತ್ತು. ನಮ್ಮ ಸರದಿಯೂ ಬಂತು.

ಗೇಣುದ್ದದ ಸ್ಕೇಲನ್ನು ಜರುಗಿಸಿ ಜರುಗಿಸಿ ಅಳೆದಳು. ಅಳೆದಷ್ಟು ಸಲವೂ ಬೇರೆ ಬೇರೆ ಉತ್ತರ. ಅಳುವುದೊಂದು ಬಾಕಿ.

"ಅಳ್ಬೇಡ ಬಾ ಮಗ, ನಾರು ಇಡ್ಕೊ," ಎಂದೆ. ಹೂವು ಕಟ್ಟುವ ಬಾಳೆನಾರಿನ ತುದಿಯನ್ನು ಅವಳು ಲೇಹ್ ಮೇಲೆ ಒತ್ತಿ ಹಿಡಿದಳು. ನಾನು ಪೋರ್ಟ್ ಬ್ಲೇರಿಗೆ ಎಳೆದು ಕುಯ್ದೆ. ಆ ನಾರನ್ನು ನೆಲದ ಮೇಲಿಟ್ಟು ಸ್ಕೇಲಿನಲ್ಲಿ ಅಳೆದಳು: ಅರವತ್ತಾರು ಸೆಂಟಿಮೀಟರು. ನಕ್ಷೆಯ ಒಂದು ಸೆಂಟಿಮೀಟರಿಗೆ ಐವತ್ತು ಕಿಲೋಮೀಟರು, ವಿಮಾನ ಹಾರುವುದು ಗಂಟೆಗೆ ಎಂಟುನೂರು ಕಿಲೋಮೀಟರು ಎಂದು ಮೇಷ್ಟ್ರೇ ಹೇಳಿದ್ದರು. ಗುಣಿಸಿ, ಭಾಗಿಸಿ, ನಾಲ್ಕು ಗಂಟೆ ಏಳು ನಿಮಿಷ ಎಂದು ಬರೆದಳು.

"ಅಷ್ಟೇಯಾ? ನಮ್ಮೂರು ಎಮ್ಮಿಗೆಯಿಂದ ಇಲ್ಲಿಗೆ ಬರಕ್ಕೇ ಒಂದೊಂದ್ಸಲ ಅಷ್ಟೊತ್ತು ಆಯ್ತದೆ. ನರಸೀಪುರದ ಸ್ಟ್ಯಾಂಡಲ್ಲಿ ಬಸ್ಸು ತಿರುಗಿ ನಿಲ್ಲಕ್ಕೇ ಅರ್ಧ ಗಂಟೆ."

"ವಿಮಾನಕ್ಕೆ ನರಸೀಪುರ ಸಿಗಲ್ಲ ಕಣಜ್ಜಿ!"

ಶುಕ್ರವಾರ ಶಾಲೆಯ ಪೂಜೆಗೆ ಹೂವು ಕೊಡಲು ಹೋದರೆ, ಮೇಷ್ಟ್ರು ಉತ್ತರ ಕೇಳುತ್ತಿದ್ದರು. ಬಾಗಿಲಲ್ಲೇ ನಿಂತೆ. ಉಳಿದ ಮಕ್ಕಳದೆಲ್ಲ ಐವತ್ತೊಂಬತ್ತು ಸೆಂಟಿಮೀಟರಿನ ಆಸುಪಾಸು, ಮೂರು ಮುಕ್ಕಾಲು ಗಂಟೆ. ನಮ್ಮವಳದು ಕೇಳಿ ಕ್ಲಾಸೇ ನಕ್ಕಿತು.

"ನಿನ್ನ ವಿಮಾನ ಪೋರ್ಟ್ ಬ್ಲೇರ್ ದಾಟಿ ಸಮುದ್ರಕ್ಕೆ ಬಿತ್ತಲ್ಲಮ್ಮ!" ಎಂದರು ಮೇಷ್ಟ್ರು. ಅವಳ ಮುಖ ಬಾಡಿತು. ಆಗ ಹೊಳೆಯಿತು ನೋಡಿ, ನನ್ನ ಕೈ ಮಾಡಿದ ಕೆಲಸ.

"ಅವಳ ತಪ್ಪಲ್ಲ ಸಾ! ನಾನೇ ಕೊಸರು ಬುಟ್ಟು ಕುಯ್ದಿವ್ನಿ."

"ವಿಮಾನಕ್ಕೂ ಕೊಸರೇನಮ್ಮ?"

ತಪ್ಪು ಒಪ್ಪಿಕೊಂಡೆ, ಬಾಯಿ ಸುಮ್ಮನಿರಲಿಲ್ಲ. "ಬೇಡ್ವಾ ಮತ್ತೆ? ಬಸ್ಸೇ ಸ್ಟ್ಯಾಂಡಿಗೆ ಬಂದು ತಿರುಗಿ ನಿಲ್ಲಕ್ಕೆ ಒತ್ತು ತಕತದೆ. ವಿಮಾನ ಬೆಟ್ಟದಿಂದ ಮೇಲಕ್ ಏಳ್ಬೇಡ್ವಾ, ಸುತ್ತಾಕಂಡು ಇಳೀಬೇಡ್ವಾ ಸಾ?"

ನಗುತ್ತಿದ್ದ ಮೇಷ್ಟ್ರು ತಟ್ಟನೆ ನಗು ನಿಲ್ಲಿಸಿ ಮಕ್ಕಳ ಕಡೆ ತಿರುಗಿದರು. "ಏಳೋದಕ್ಕೆ, ಇಳಿಯೋದಕ್ಕೆ ಅರ್ಧ ಗಂಟೆ ಸೇರಿಸ್ರೋ ಅಂತ ಮೊನ್ನೆನೇ ಹೇಳಿದ್ದೆ. ಒಬ್ಬರಾದರೂ ಸೇರಿಸಿದ್ದೀರಾ? ಮೂರು ಮುಕ್ಕಾಲಿಗೆ ಅರ್ಧ ಸೇರಿದರೆ ನಾಲ್ಕೂ ಕಾಲು. ಹೊತ್ತಿನ ಲೆಕ್ಕದಲ್ಲಿ ಈ ಅಜ್ಜಿ ನಾರೇ ಹತ್ತಿರ!"

ದೂರವನ್ನು ಮುಂದಿನ ಬೆಂಚಿನ ಹುಡುಗಿ ಹೇಳುವುದು, ಹೊತ್ತನ್ನು ನಮ್ಮವಳು ಹೇಳುವುದು ಎಂದು ತೀರ್ಮಾನವಾಯಿತು.

ವಾರ್ಷಿಕೋತ್ಸವದ ದಿನ ಎರಡು ಜಡೆ ಹಾಕಿಕೊಂಡು ನಕ್ಷೆಯ ಮುಂದೆ ನಿಂತಳು, ಕೈಯಲ್ಲಿ ಅದೇ ಒಣಗಿದ ನಾರು. ತುದಿಯ ನಾಲ್ಕು ಬೆರಳಷ್ಟನ್ನು ಎತ್ತಿ ತೋರಿಸಿ, "ಇದು ಏಳೋಕೆ, ಇಳಿಯೋಕೆ. ನಮ್ಮಜ್ಜಿ ಬಿಟ್ಟ ಕೊಸರು!" ಎಂದಳು, ಮೈಕು ಕಿರುಗುಟ್ಟುವ ಹಾಗೆ.

ಅವತ್ತು ಬುಟ್ಟಿಯಲ್ಲಿದ್ದ ಮಲ್ಲಿಗೆಯನ್ನು ನಾನು ಅಳೆಯಲೇ ಇಲ್ಲ. ಬಂದವರಿಗೆಲ್ಲ ಕೈಗೆ ಬಂದಷ್ಟು ಕುಯ್ದು ಕುಯ್ದು ಕೊಟ್ಟೆ.