ತಳ ಕಾಣದ ನೀರು

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಕ್ಯಾನಿಂಗ್ಟನ್ ಹತ್ತಿರ ನಾವು ಮನೆ ಕೊಂಡಾಗ ಚಳಿಗಾಲ. ಹಿತ್ತಲಿನ ಈಜುಕೊಳಕ್ಕೆ ನೀಲಿ ಹೊದಿಕೆ ಬಿಗಿದಿತ್ತು. ನನ್ನ ಗಂಡ ಗಣಿಯಲ್ಲಿ ಭೂವಿಜ್ಞಾನಿ. ಎರಡು ವಾರ ಅಲ್ಲಿ, ಒಂದು ವಾರ ಮನೆಯಲ್ಲಿ. ನನಗೆ ಈಜು ಬರುತ್ತಿರಲಿಲ್ಲ. ಗಾಳಿಗೆ ಆ ಹೊದಿಕೆ ಉಬ್ಬಿ ಇಳಿಯುವಾಗ, ಕೆಳಗೆ ಏನೋ ಉಸಿರಾಡುತ್ತಿದೆ ಅನ್ನಿಸಿ ಕಿಟಕಿಯ ಪರದೆ ಎಳೆದುಬಿಡುತ್ತಿದ್ದೆ.

ಅಕ್ಟೋಬರ್‌ನಲ್ಲಿ ಬಿಸಿಲೇರಿತು. ನಾಲ್ಕು ವರ್ಷದ ಮಗಳು ದಿನವೂ ಕೊಳದ ಬೇಲಿಗೆ ಮೂಗೊತ್ತಿ ನಿಲ್ಲತೊಡಗಿದಳು. ಕೊಳವನ್ನು ನಾನೇ ತೆರೆದು ಶುಚಿ ಮಾಡುತ್ತೇನೆಂದು ಗಂಡನಿಗೆ ಫೋನಿನಲ್ಲಿ ಹೇಳಿದೆ.

"ನಾನು ಬರೋವರ್ಗೂ ತಡಿ ಕಣೇ. ನಿಂಗೆ ಅದರ ಗಂಧಗಾಳಿ ಗೊತ್ತಿಲ್ಲ."

"ಇಲ್ಲಿ ಎಲ್ಲಾರೂ ಮಾಡ್ಕೋತಾರೆ ರೀ. ವಿಡಿಯೋ ನೋಡಿದೀನಿ."

ಹೊದಿಕೆಯ ಮೂಲೆ ಎತ್ತಿದರೆ ಕೊಳೆತ ಎಲೆಯ ನಾತ. ಪಾಲಕ್ ರುಬ್ಬಿ ಸುರಿದಂತೆ ಹಸಿರು ನೀರು. ಮೊದಲ ಮೆಟ್ಟಿಲು ಕಾಣುತ್ತಿತ್ತು, ಎರಡನೆಯದು ಕಾಣುತ್ತಿರಲಿಲ್ಲ. ಅದನ್ನು ಬಾಟಲಿಯಲ್ಲಿ ತುಂಬಿಸಿ, ಈಜುಕೊಳದ ಸಾಮಾನು ಮಾರುವ ಪೂಲ್ ಅಂಗಡಿಗೆ ಒಯ್ದೆ. ಅಂಗಡಿಯವನು ಪರೀಕ್ಷಿಸಿ ಕ್ಲೋರಿನ್ ಡಬ್ಬ ಕೊಟ್ಟ. ತಳ ಕಾಣುವವರೆಗೂ ಯಾರನ್ನೂ ಹತ್ತಿರ ಬಿಡಬೇಡ, ಬಿದ್ದವರು ಕಣ್ಣಿಗೇ ಬೀಳುವುದಿಲ್ಲ ಎಂದ.

ಮಾರನೆಯ ಮಧ್ಯಾಹ್ನ ಮಗಳನ್ನು ಟಿವಿ ಮುಂದೆ ಕೂರಿಸಿ ಕೆಲಸಕ್ಕಿಳಿದೆ. ಬೇಲಿಯ ಗೇಟು ತಾನಾಗಿ ಮುಚ್ಚಿಕೊಳ್ಳುವಂಥದ್ದು. ಹೊದಿಕೆಯನ್ನು ಬೇಲಿಯಾಚೆಯ ಹುಲ್ಲಿನ ಮೇಲಕ್ಕೆ ಎಳೆಯುವಾಗ ಅದು ಮತ್ತೆ ಮತ್ತೆ ಅಡ್ಡ ಬಂತು. ಇಟ್ಟಿಗೆಯೊಂದನ್ನು ಒತ್ತುಕೊಟ್ಟು ಗೇಟನ್ನು ತೆರೆದಿಟ್ಟೆ. ಕ್ಲೋರಿನ್ ಸುರಿದು ಪಂಪ್ ಹಾಕಿದೆ. ಕೈ ಉರಿಯತೊಡಗಿತು. ತೊಳೆಯಲು ಒಳಗೆ ಓಡಿದೆ.

ತೊಳೆದು ಬಂದರೆ ಟಿವಿ ಓಡುತ್ತಿತ್ತು. ಸೋಫಾ ಖಾಲಿ.

ಕೂಗುತ್ತಾ ಹಿತ್ತಲಿಗೆ ಬಂದೆ. ಕೊಳದ ಅಂಚಿನಲ್ಲಿ ಅವಳ ಒಂದು ಚಪ್ಪಲಿ. ಹಸಿರು ನೀರಿನಲ್ಲಿ ಏನೂ ಕಾಣಲಿಲ್ಲ. ಎಲೆ ತೆಗೆಯುವ ಬಲೆಯ ಕೋಲನ್ನು ಇಳಿಸಿ ತಳವನ್ನು ತಡಕಿದೆ. ಮೆತ್ತಗಿನ, ಭಾರದ ಏನೋ ತಗುಲಿತು. ಕೋಲು ಬಿಸಾಡಿ ಧುಮುಕಿದೆ. ಕುತ್ತಿಗೆವರೆಗೆ ನೀರು, ಕಾಲಡಿ ಲೋಳೆ. ಉಸಿರು ಬಿಗಿಹಿಡಿದು ಮುಳುಗಿ ಎರಡೂ ಕೈಯಿಂದ ಬಾಚಿ ಮೇಲೆತ್ತಿದೆ.

ಹಳೆಯ ಟವೆಲ್ಲು. ಅದನ್ನು ಎದೆಗವಚಿಕೊಂಡೇ ನಿಂತಿದ್ದೆ, ಬಿಡಲು ಕೈ ಬರಲಿಲ್ಲ.

ಆಗ ಹುಲ್ಲಿನ ಮೇಲಿದ್ದ ಹೊದಿಕೆಯ ರಾಶಿ ಅಲುಗಿತು. ಹೇಗೆ ಮೇಲೆ ಹತ್ತಿದೆನೋ ನೆನಪಿಲ್ಲ. ಮಡಿಕೆಗಳನ್ನು ಕಿತ್ತೆಸೆದೆ. ಒಳಗೆ ಅವಳು, ಹೊರಬರಲಾಗದೆ ಸಿಕ್ಕಿಕೊಂಡು, ಮುಖ ಕೆಂಪಾಗಿ, ಕೂದಲು ಬೆವರಿಗೆ ಅಂಟಿಕೊಂಡು.

"ಐ ವಾಸ್ ಹೈಡಿಂಗ್, ಅಮ್ಮಾ," ಎಂದು ಬಿಕ್ಕಿದಳು. "ಐ ಕಾಲ್ಡ್ ಯೂ ಸೋ ಮೆನಿ ಟೈಮ್ಸ್. ಯೂ ಡಿಡ್ನಾಟ್ ಹಿಯರ್."

ಪಂಪಿನ ಸದ್ದಿನಲ್ಲಿ ನನಗೆ ಏನೂ ಕೇಳಿಸಿರಲಿಲ್ಲ. ನೀರನ್ನೇ ಇನ್ನಷ್ಟು ಹೊತ್ತು ತಡಕುತ್ತಿದ್ದರೆ ಎಂದುಕೊಂಡರೆ ಯೋಚನೆ ಇಂದಿಗೂ ಅಲ್ಲಿಂದ ಮುಂದಕ್ಕೆ ಹೋಗುವುದಿಲ್ಲ.

ಸಂಜೆ ಗಂಡನಿಗೆ ಫೋನಿನಲ್ಲಿ ಅಳುತ್ತಾ ಹೇಳಿದೆ. ಅವರು, "ಗೇಟ್ ಮುಚ್ಚಿತ್ತು ತಾನೇ?" ಎಂದರು.

"ಹೂಂ," ಅಂದೆ.

ಹತ್ತು ದಿನಕ್ಕೆ ನೀರು ತಿಳಿಯಾಯಿತು. ಮನೆಗೆ ಬಂದವರಿಗೆಲ್ಲ ಗಂಡ, "ಒಬ್ಬಳೇ ಓಪನ್ ಮಾಡಿದ್ಲು," ಎಂದು ಹೆಮ್ಮೆಯಿಂದ ಕೊಳ ತೋರಿಸುತ್ತಿದ್ದರು. ನಾನು ನಗುತ್ತಿದ್ದೆ. ಆ ಬೇಸಿಗೆಯಲ್ಲೇ ದೊಡ್ಡವರ ಈಜು ತರಗತಿಗೆ ಸೇರಿಕೊಂಡೆ. ಈ ವಯಸ್ಸಿನಲ್ಲಿ ಯಾಕೆ ಕಲಿಯಬೇಕೆನ್ನಿಸಿತು ಎಂದು ಕಲಿಸುವಾಕೆ ಕೇಳಿದಳು. ಮಗಳ ಜೊತೆ ಆಡಲು ಎಂದೆ.